ಉಳಿದ ತೋಳು: ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಬಾವು ಮತ್ತು ನರನೋವಿನ ಚರಿತ್ರೆ

ಸ್ತನ ಕ್ಯಾನ್ಸರಿನ ಚರಿತ್ರೆಯೆಂದು ಬರೆಯಲಾಗಿರುವುದು ಬಹುಮಟ್ಟಿಗೆ ಗಡ್ಡೆಯ ಚರಿತ್ರೆ. ಗಡ್ಡೆಯನ್ನು ಯಾರು, ಯಾವ ತರ್ಕದಿಂದ, ಎಷ್ಟು ಆಳದವರೆಗೆ ಕೊಯ್ದು ತೆಗೆದರು, ಅದು ಮರಳಿತೇ, ಮರಳದಿದ್ದರೆ ರೋಗಿ ಎಷ್ಟು ವರ್ಷ ಬದುಕಿದಳು ಎಂಬ ಪ್ರಶ್ನೆಗಳ ಸುತ್ತ ಆ ಕಥನ ಸಾಗುತ್ತದೆ. ಕೊಯ್ದ ಎದೆಯ ಪಕ್ಕದಲ್ಲಿ ಉಳಿದುಕೊಂಡ ತೋಳಿಗೆ ಮುಂದೇನಾಯಿತು ಎಂಬುದು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆದರೆ ಗಡ್ಡೆಯಿಂದ ಪಾರಾದ ಹೆಂಗಸು ಉಳಿದ ಆಯುಷ್ಯವನ್ನೆಲ್ಲ ಕಳೆಯುವುದು ಆ ತೋಳಿನೊಂದಿಗೇ. ನೀರು ಸೇದುವುದು, ರೊಟ್ಟಿ ತಟ್ಟುವುದು, ಜಡೆ ಹೆಣೆಯುವುದು, ಮಗುವನ್ನೆತ್ತುವುದು ಎಲ್ಲವೂ ಆ ತೋಳಿನ ಕೆಲಸಗಳೇ ಆಗಿರುವುದರಿಂದ, ಅದರ ಬಾವನ್ನೂ ನೋವನ್ನೂ ವೈದ್ಯಶಾಸ್ತ್ರ ಯಾವಾಗ ಕಂಡಿತು, ಎಷ್ಟು ಕಾಲ ಕಂಡೂ ಕಾಣದಂತೆ ಮುಂದೆ ಸಾಗಿತು, ಕೊನೆಗೆ ಯಾವಾಗ ಹೆಸರಿಟ್ಟಿತು ಎಂಬುದು ಪ್ರತ್ಯೇಕವಾಗಿ ಬರೆಯಬೇಕಾದ ಚರಿತ್ರೆ.

ತೊಂದರೆಗಳು ಮುಖ್ಯವಾಗಿ ಎರಡು. ಮೊದಲನೆಯದು ಲಿಂಫೆಡೀಮಾ, ಅಂದರೆ ದುಗ್ಧರಸ ಕಟ್ಟಿಕೊಂಡು ಬರುವ ಬಾವು. ರಕ್ತನಾಳಗಳಿಂದ ಅಂಗಾಂಶಗಳಿಗೆ ಜಿನುಗುವ ದ್ರವದಲ್ಲಿ ಒಂದು ಪಾಲು, ಅದರಲ್ಲಿರುವ ಪ್ರೋಟೀನುಗಳ ಸಮೇತ, ಕೂದಲೆಳೆಯಷ್ಟು ಸಣ್ಣ ನಾಳಗಳ ಮೂಲಕ ರಕ್ತಕ್ಕೆ ಹಿಂತಿರುಗುತ್ತದೆ; ಈ ದ್ರವವೇ ದುಗ್ಧರಸ. ತೋಳಿನಿಂದ ಬರುವ ನಾಳಗಳಲ್ಲಿ ಹೆಚ್ಚಿನವು ಕಂಕುಳಿನ ಗ್ರಂಥಿಗಳನ್ನು ಹಾದುಹೋಗುತ್ತವೆ, ಸ್ತನದಿಂದ ಬರುವ ನಾಳಗಳೂ ಬಹುಪಾಲು ಅಲ್ಲಿಗೇ ಬಂದು ಸೇರುತ್ತವೆ. ಕ್ಯಾನ್ಸರ್ ಅಲ್ಲಿಗೆ ಹರಡಿದೆಯೆಂದು ಗ್ರಂಥಿಗಳನ್ನು ತೆಗೆದಾಗ ತೋಳಿನ ದಾರಿಯೂ ಕಡಿಯುತ್ತದೆ, ಮೇಲೆ ವಿಕಿರಣ ಚಿಕಿತ್ಸೆಯಾದರೆ ಉಳಿದ ದಾರಿಯೂ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಬಾವು ಕೆಲವರಲ್ಲಿ ತಿಂಗಳುಗಳಲ್ಲಿ, ಕೆಲವರಲ್ಲಿ ಎಷ್ಟೋ ವರ್ಷಗಳ ಮೇಲೆ ತಲೆದೋರುತ್ತದೆ. ಅದು ಮೊದಲು ಗೊತ್ತಾಗುವುದು ಹಲವು ಸಲ ಕನ್ನಡಿಯಲ್ಲಲ್ಲ. ದಿನವೂ ಆಡುತ್ತಿದ್ದ ಬಳೆ ಮುಂಗೈಯಲ್ಲಿ ಜರುಗದೆ ನಿಲ್ಲುವುದರಿಂದ, ರವಿಕೆಯ ಒಂದು ತೋಳು ಮಾತ್ರ ಬಿಗಿದು ಚರ್ಮದ ಮೇಲೆ ಹೊಲಿಗೆಯ ಅಚ್ಚು ಮೂಡಿಸುವುದರಿಂದ. ಆರಂಭದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ನಿಧಾನವಾಗಿ ತುಂಬಿಕೊಳ್ಳುತ್ತದೆ, ವರ್ಷಗಳು ಕಳೆದಂತೆ ಒಳಗೆ ನಾರು ಮತ್ತು ಕೊಬ್ಬು ಬೆಳೆದು ಗುಳಿ ಬೀಳುವುದೂ ನಿಲ್ಲುತ್ತದೆ.

ಎರಡನೆಯದು ನರದ ನೋವು. ಎರಡನೆಯ ಪಕ್ಕೆಲುಬಿನ ಕೆಳಗಿನಿಂದ ಹೊರಟು, ಕಂಕುಳಿನ ಕೊಬ್ಬಿನ ನಡುವೆ ಹಾದು, ತೋಳಿನ ಒಳಭಾಗದ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡುವ ತೆಳುವಾದ ನರವೊಂದಿದೆ. ವೈದ್ಯರು ಇದನ್ನು ಇಂಟರ್‌ಕೋಸ್ಟೋಬ್ರೇಕಿಯಲ್ ನರವೆನ್ನುತ್ತಾರೆ. ಗ್ರಂಥಿಗಳಿರುವ ಕೊಬ್ಬಿನ ಮೂಲಕವೇ ಅದರ ದಾರಿ ಇರುವುದರಿಂದ ಕಂಕುಳನ್ನು ಬರಿದು ಮಾಡುವಾಗ ಅದು ಬಲು ಸುಲಭವಾಗಿ ತುಂಡಾಗುತ್ತದೆ ಅಥವಾ ಜಗ್ಗಿ ಹಾಳಾಗುತ್ತದೆ. ತುಂಡಾದ ತುದಿ ಕೆಲವೊಮ್ಮೆ ಗಂಟುಗಟ್ಟಿ, ಯಾರೂ ಮುಟ್ಟದಿದ್ದರೂ ತಾನಾಗಿ ಸಂಕೇತ ಕಳಿಸತೊಡಗುತ್ತದೆ. ಆಗ ಮುಟ್ಟಿದರೆ ಮರಗಟ್ಟಿದಂತಿರುವ ಚರ್ಮದೊಳಗೇ ಉರಿ, ಸೂಜಿ ಚುಚ್ಚಿದಂಥ ನೋವು, ಶಾಕ್ ಹೊಡೆದಂಥ ಸೆಳೆತ ಕಾಣಿಸಿಕೊಳ್ಳುತ್ತವೆ. ಸೀರೆಯ ಸೆರಗು ತಾಗಿದರೂ ಸಹಿಸಲಾಗದ ಸ್ಥಿತಿ ಕೆಲವರದು. ಜೋಮು ಮತ್ತು ಉರಿ ಒಂದೇ ಜಾಗದಲ್ಲಿ ಒಟ್ಟಿಗೆ ಇರಬಲ್ಲವೆಂಬ ಈ ಮಾತನ್ನು ಹೇಳಿಕೊಂಡ ಹೆಂಗಸರನ್ನು ಬಹುಕಾಲ ಯಾರೂ ನಂಬಲಿಲ್ಲ.

ದುಗ್ಧನಾಳಗಳ ಶೋಧನೆಯೇನೂ ಇತ್ತೀಚಿನದಲ್ಲ. ಇಟಲಿಯ ಗಾಸ್ಪಾರೆ ಅಸೆಲ್ಲಿ 1622ರಲ್ಲಿ ನಾಯಿಯ ಕರುಳಿನ ಪೊರೆಯಲ್ಲಿ ಹಾಲುಬಣ್ಣದ ನಾಳಗಳನ್ನು ಕಂಡನು, ಮೂರು ದಶಕಗಳ ನಂತರ ಸ್ವೀಡನ್ನಿನ ಓಲೋಫ್ ರುಡ್‌ಬೆಕ್ ಮತ್ತು ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್ ಅವು ದೇಹದ ತುಂಬ ಹಬ್ಬಿವೆಯೆಂದು ತೋರಿಸಿದರು. ಬಾವಿನ ವರ್ಣನೆ ಅದಕ್ಕಿಂತ ಬಹಳ ಹಳೆಯದು. ಸುಶ್ರುತ ಸಂಹಿತೆ ಶ್ಲೀಪದವೆಂಬ ರೋಗವನ್ನು ವಿವರಿಸುತ್ತ, ಅದು ಮುಖ್ಯವಾಗಿ ಕಾಲಿಗೆ ಬರುವುದಾದರೂ ಕೈಗೂ ಬರುವುದುಂಟೆಂದು ಹೇಳುತ್ತದೆ. ಕನ್ನಡದ ಆನೆಕಾಲು ಎಂಬ ಮಾತು ಸೂಚಿಸುವುದು ಇದೇ ರೋಗವನ್ನು. ಸೊಳ್ಳೆಯಿಂದ ಹರಡುವ ಹುಳುವೊಂದು ದುಗ್ಧನಾಳಗಳನ್ನು ಕೆಡಿಸಿ ತರುವ ಆನೆಕಾಲಿಗೂ, ಶಸ್ತ್ರದಿಂದ ದುಗ್ಧನಾಳಗಳು ಕಡಿದು ಬರುವ ತೋಳಿನ ಬಾವಿಗೂ ಕಾರಣ ಬೇರೆಯಾದರೂ ಒಳಗೆ ನಡೆಯುವುದು ಒಂದೇ ಬಗೆಯದು. ಈ ಸಾದೃಶ್ಯವನ್ನು ಹೆಸರಿನಲ್ಲೇ ಒಪ್ಪಿಕೊಂಡವನು, ಆ ಬಾವು ಮನೆಮನೆಯ ಮಾತಾಗಲು ಯಾರ ಶಸ್ತ್ರಚಿಕಿತ್ಸೆ ಕಾರಣವಾಯಿತೋ ಅವನೇ.

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಸ್ಟುವರ್ಟ್ ಹಾಲ್‌ಸ್ಟೆಡ್ 1894ರಲ್ಲಿ ಐವತ್ತು ರೋಗಿಗಳ ಮೇಲೆ ಮಾಡಿದ ಶಸ್ತ್ರಚಿಕಿತ್ಸೆಯ ವರದಿಯನ್ನು ಪ್ರಕಟಿಸಿದನು. ಕ್ಯಾನ್ಸರ್ ಹುಟ್ಟಿದ ಜಾಗದಿಂದ ಸುತ್ತಲಿಗೆ ಹಂತಹಂತವಾಗಿ ಹಬ್ಬುತ್ತದೆಯಾದ್ದರಿಂದ ಅದನ್ನು ಬೇಲಿಸಮೇತ ಕಿತ್ತು ತೆಗೆಯಬೇಕೆಂಬುದು ಅವನ ವಾದವಾಗಿತ್ತು. ಸ್ತನ, ಅದರ ಮೇಲಿನ ಚರ್ಮ, ಎದೆಯ ದೊಡ್ಡ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಬಿಡಿಬಿಡಿಯಾಗಿ ಅಲ್ಲ, ಒಂದೇ ಮುದ್ದೆಯಾಗಿ ತೆಗೆಯುವ ಈ ಕ್ರಮಕ್ಕೆ ರ‍್ಯಾಡಿಕಲ್ ಮಾಸ್ಟೆಕ್ಟಮಿ, ಅಂದರೆ ಸಮೂಲ ಸ್ತನಛೇದನ ಎಂಬ ಹೆಸರು ಬಂತು. ಅದೇ ವರ್ಷ ನ್ಯೂಯಾರ್ಕಿನ ವಿಲ್ಲಿ ಮೇಯರ್ ಕೂಡ ಇಂಥದೇ ಕ್ರಮವನ್ನು ಸ್ವತಂತ್ರವಾಗಿ ಪ್ರಕಟಿಸಿದ್ದನು. ಶಸ್ತ್ರ ಮಾಡಿದ ಜಾಗದಲ್ಲೇ ಗಡ್ಡೆ ಮರಳುವುದು ಅಂದಿನ ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿತ್ತು, ಹಾಲ್‌ಸ್ಟೆಡ್ ಅದನ್ನು ಬಹಳಷ್ಟು ಕಡಿಮೆ ಮಾಡಿ ತೋರಿಸಿದನು. ಹುಣ್ಣಾಗಿ ಕೊಳೆತ ಗಡ್ಡೆಗಳೊಂದಿಗೆ ಹೆಂಗಸರು ಬರುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಇದನ್ನು ಮರೆತು ಅವನನ್ನು ಕ್ರೂರಿಯೆಂದು ಚಿತ್ರಿಸುವ ಬರಹಗಳು ಚರಿತ್ರೆಗೆ ನ್ಯಾಯ ಸಲ್ಲಿಸುವುದಿಲ್ಲ.

ಆದರೆ ಅವನ ಬರಹದಲ್ಲೇ ಇನ್ನೊಂದು ಸಂಗತಿಯೂ ಇದೆ. ಜೀವದ ಎದುರು ಅಂಗವೈಕಲ್ಯ ಬಹಳ ಸಣ್ಣ ವಿಚಾರವೆಂದೂ, ಈ ರೋಗಿಗಳ ಸರಾಸರಿ ವಯಸ್ಸು ಐವತ್ತೈದರ ಸಮೀಪವಿದ್ದು ಅವರು ಸಮಾಜದಲ್ಲಿ ಅಷ್ಟೇನೂ ಚಟುವಟಿಕೆಯಿಂದಿರುವವರಲ್ಲವೆಂದೂ ಅವನು ಆ ಕಾಲದಲ್ಲಿ ಬರೆದನು. ತೋಳಿನ ಚರಿತ್ರೆ ಅರ್ಥವಾಗಬೇಕಾದರೆ ಈ ಮಾತಿನ ಮುಂದೆ ತುಸು ನಿಲ್ಲಬೇಕು. ಐವತ್ತೈದು ವರ್ಷದ ಹೆಂಗಸಿನ ತೋಳು ಇನ್ನು ಯಾರಿಗೂ ಬೇಕಿಲ್ಲವೆಂಬ ಎಣಿಕೆ ಅದರಲ್ಲಿದೆ. ಆ ವಯಸ್ಸಿನಲ್ಲಿ ಮನೆ ನಡೆಸುತ್ತಿದ್ದವರು, ಹೊಲಿದು ಒಗೆದು ಹೊಟ್ಟೆ ಹೊರೆಯುತ್ತಿದ್ದವರು, ಮೊಮ್ಮಕ್ಕಳನ್ನು ಸಾಕುತ್ತಿದ್ದವರು ಲೆಕ್ಕಕ್ಕೆ ಬರಲಿಲ್ಲ. ನೋವೂ ಬಾವೂ ಬದುಕುಳಿದದ್ದಕ್ಕೆ ತೆರಬೇಕಾದ ಬೆಲೆಯೆಂಬ ಭಾವನೆ ಶಸ್ತ್ರವೈದ್ಯರಲ್ಲಿ ಬೇರೂರಿ, ಮುಂದಿನ ಮುಕ್ಕಾಲು ಶತಮಾನ ಅಲ್ಲಾಡಲಿಲ್ಲ.

ಹಾಲ್‌ಸ್ಟೆಡ್ ತಾನೇ ಆ ಭಾವನೆಯಲ್ಲಿ ಪೂರ್ತಿ ನೆಮ್ಮದಿಯಾಗಿರಲಿಲ್ಲವೆಂದು ತೋರುತ್ತದೆ. ಸಾಯುವ ಹಿಂದಿನ ವರ್ಷ, 1921ರಲ್ಲಿ, ಅವನು ಇದೇ ತೋಳಿನ ಬಾವಿನ ಬಗ್ಗೆ ದೀರ್ಘವಾದ ಲೇಖನವೊಂದನ್ನು ಬರೆದು, ಅದಕ್ಕೆ ಎಲಿಫೆಂಟಿಯಾಸಿಸ್ ಕಿರುರ್ಜಿಕಾ, ಅಂದರೆ ಶಸ್ತ್ರಚಿಕಿತ್ಸೆಯಿಂದ ಹುಟ್ಟಿದ ಆನೆಕಾಲು ಎಂದು ಹೆಸರಿಟ್ಟನು. ಗಾಯಕ್ಕೆ ಸೋಂಕು ತಗಲುವುದೇ ಬಾವಿಗೆ ಮುಖ್ಯ ಕಾರಣವೆಂಬುದು ಅವನ ನಿರ್ಣಯ. ಸೋಂಕು ಬಾವನ್ನು ಹೆಚ್ಚಿಸುತ್ತದೆಯೆಂಬುದು ಇಂದಿಗೂ ನಿಜವಾದರೂ, ಕಂಕುಳಿನ ದಾರಿಯನ್ನು ಕಡಿದದ್ದೇ ಮೂಲವೆಂದು ಒಪ್ಪಲು ಅವನ ಸಿದ್ಧಾಂತ ಅಡ್ಡಬಂತು. ಅವನ ಬಾಳಿನಲ್ಲಿ ಮತ್ತೊಂದು ವಿಷಾದದ ಸಂಗತಿಯಿದೆ. 1884–85ರಲ್ಲಿ ಕೊಕೇನ್ ಚುಚ್ಚಿ ನರವನ್ನು ಮರಗಟ್ಟಿಸುವ ವಿಧಾನವನ್ನು ತನ್ನ ಮೇಲೂ ಸಂಗಡಿಗರ ಮೇಲೂ ಪ್ರಯೋಗಿಸಿ ರೂಪಿಸಿದವರಲ್ಲಿ ಅವನೇ ಮೊದಲಿಗ, ಆ ಪ್ರಯೋಗದಿಂದಲೇ ವ್ಯಸನಕ್ಕೂ ತುತ್ತಾದನು. ಒಂದು ನರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅದನ್ನು ತಡೆದರೆ ಯಾವ ಜಾಗ ಜೋಮು ಹಿಡಿಯುತ್ತದೆ ಎಂದು ಅಷ್ಟು ಚೆನ್ನಾಗಿ ಬಲ್ಲವನ ಹೆಸರು ಹೊತ್ತ ಶಸ್ತ್ರಚಿಕಿತ್ಸೆಯೇ ಕಂಕುಳಿನ ನರವನ್ನು ಕತ್ತರಿಸುತ್ತ ಬಂತು.

ಬಾವನ್ನು ಇಳಿಸುವ ಮೊದಲ ಯತ್ನಗಳೂ ಶಸ್ತ್ರದಿಂದಲೇ ನಡೆದವು. ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯ ಸ್ಯಾಂಪ್ಸನ್ ಹ್ಯಾಂಡ್ಲಿ 1908ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಊದಿದ ತೋಳಿನ ಚರ್ಮದಡಿ ರೇಷ್ಮೆಯ ದಾರಗಳನ್ನು ಉದ್ದಕ್ಕೂ ಹೂತು ಭುಜದ ಕಡೆಗೆ ಒಯ್ಯಲಾಗುತ್ತಿತ್ತು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ರೇಷ್ಮೆ ದ್ರವವನ್ನು ಹೀರಿ ಬಾವಿಲ್ಲದ ಕಡೆಗೆ ಸಾಗಿಸುತ್ತದೆಯೆಂಬುದು ಎಣಿಕೆ. ತೋಳು ಕೆಲವು ದಿನ ಇಳಿಯುತ್ತಿತ್ತು, ಆದರೆ ದಾರದ ಸುತ್ತ ನಾರು ಬೆಳೆದು ಹೀರುವಿಕೆ ನಿಲ್ಲುತ್ತಿತ್ತು, ಸೋಂಕಾದರೆ ದಾರವೇ ಹೊರಬರುತ್ತಿತ್ತು. ಫಲಿಸದೆ ಹೋದರೂ ಈ ಯತ್ನಕ್ಕೆ ಬೆಲೆಯಿದೆ, ಏಕೆಂದರೆ ಬಾವನ್ನು ರೋಗಿಯ ಹಣೆಬರಹವೆನ್ನದೆ ದಾರಿ ತಪ್ಪಿದ ಹರಿವೆಂದು ಹ್ಯಾಂಡ್ಲಿ ಕಂಡನು. ಬಟ್ಟೆಯ ಪಟ್ಟಿ ಬಿಗಿಯುವುದು, ಅಂಗವನ್ನು ಎತ್ತಿಡುವುದು, ನೀವುವುದು ಎಂಬ ಸರಳ ಉಪಾಯಗಳನ್ನು ಅಲೆಕ್ಸಾಂಡರ್ ಫಾನ್ ವಿನಿವಾರ್ಟರ್ ಎಂಬ ಆಸ್ಟ್ರಿಯಾದ ಶಸ್ತ್ರವೈದ್ಯ 1892ರಷ್ಟು ಹಿಂದೆಯೇ ಬರೆದಿಟ್ಟಿದ್ದನು; ಅವು ಮೂಲೆ ಸೇರಿದ್ದವು. 1948ರಲ್ಲಿ ನ್ಯೂಯಾರ್ಕಿನ ಫ್ರೆಡ್ ಸ್ಟುವರ್ಟ್ ಮತ್ತು ನಾರ್ಮನ್ ಟ್ರೀವ್ಸ್, ವರ್ಷಗಟ್ಟಲೆ ಊದಿಕೊಂಡಿದ್ದ ತೋಳಿನಲ್ಲೇ ಹೊಸ ಕ್ಯಾನ್ಸರ್ ಹುಟ್ಟಿದ ಆರು ಪ್ರಸಂಗಗಳನ್ನು ವರದಿ ಮಾಡಿದಾಗ, ಬಾವೆಂಬುದು ಬರಿಯ ಅಂದಗೇಡಿನ ವಿಷಯವೆನ್ನುವ ಮಾತು ಸುಳ್ಳಾಯಿತು.

ಕೈಯಿಂದ ನೀವುವ ಚಿಕಿತ್ಸೆ ಮರಳಿ ಬಂದದ್ದು ವೈದ್ಯರಲ್ಲದವರಿಂದ. ಫ್ರಾನ್ಸಿನ ಕಡಲತೀರದಲ್ಲಿ ನೀವುವಿಕೆಯ ವೃತ್ತಿಯಲ್ಲಿದ್ದ ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಎಸ್ಟ್ರಿಡ್ ವೋಡರ್ ದಂಪತಿಗಳು, ಹಳೆಯ ನೆಗಡಿಯಿಂದ ಕತ್ತಿನ ಗ್ರಂಥಿಗಳು ಊದಿಕೊಂಡವರನ್ನು ಉಪಚರಿಸುತ್ತ ಒಂದು ಕ್ರಮವನ್ನು ರೂಪಿಸಿ 1936ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದರು. ದುಗ್ಧನಾಳಗಳು ಚರ್ಮಕ್ಕೆ ತೀರ ಹತ್ತಿರವಿರುವುದರಿಂದ ಅದರಲ್ಲಿ ಒತ್ತಡ ಬಹಳ ಹಗುರ, ಚರ್ಮವನ್ನು ಸುತ್ತುಸುತ್ತಾಗಿ ಜರುಗಿಸುವಷ್ಟೇ. ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದನ್ನೇ ಅಭ್ಯಂಜನವೆಂದು ಬಲ್ಲ ನಮ್ಮವರಿಗೆ ಈ ಹಗುರತನ ವಿಚಿತ್ರವೆನಿಸಬಹುದು, ಆದರೆ ಊದಿದ ತೋಳನ್ನು ಬಲವಾಗಿ ತಿಕ್ಕಿದರೆ ಕೆಡುಕೇ ಹೆಚ್ಚು. ಮುಂದೆ ಜರ್ಮನಿಯ ಮೈಕೆಲ್ ಫೋಲ್ಡಿ ಮತ್ತು ಎಥೆಲ್ ಫೋಲ್ಡಿ ದಂಪತಿಗಳು ಇದಕ್ಕೆ ಚರ್ಮದ ಆರೈಕೆ, ಪದರಪದರವಾಗಿ ಪಟ್ಟಿ ಸುತ್ತುವುದು ಮತ್ತು ವ್ಯಾಯಾಮಗಳನ್ನು ಸೇರಿಸಿ ಒಂದು ಪೂರ್ಣ ಚಿಕಿತ್ಸೆಯನ್ನಾಗಿ ಮಾಡಿದರು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಬಹುಮಟ್ಟಿಗೆ ಅದೇ.

ನರನೋವಿನ ಚರಿತ್ರೆ ಇದಕ್ಕಿಂತಲೂ ತಡವಾದದ್ದು, ಹೆಚ್ಚು ನೋಯಿಸುವಂಥದ್ದು. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟಿನಿಂದ ನರ ಕೆಟ್ಟ ಸೈನಿಕರನ್ನು ಫಿಲಡೆಲ್ಫಿಯಾದಲ್ಲಿ ಉಪಚರಿಸಿದ ಸೈಲಸ್ ವಿಯರ್ ಮಿಚೆಲ್, ಗಾಯ ಮಾಯ್ದ ಮೇಲೂ ಉಳಿಯುವ ಉರಿನೋವನ್ನು ಸಹೋದ್ಯೋಗಿಗಳೊಂದಿಗೆ 1864ರಲ್ಲೇ ವಿವರವಾಗಿ ವರ್ಣಿಸಿದ್ದನು; ಅದಕ್ಕೆ ಕಾಸಾಲ್ಜಿಯಾ ಎಂಬ ಹೆಸರೂ, ಕಡಿದುಹೋದ ಅಂಗ ಇನ್ನೂ ಇದೆಯೆನಿಸುವ ಅನುಭವಕ್ಕೆ ಮಾಯಾಂಗವೆಂಬರ್ಥದ ಹೆಸರೂ ಅವನ ಬರಹಗಳಿಂದಲೇ ಬಳಕೆಗೆ ಬಂದವು. ನರ ಕಡಿದರೆ ನೋವು ಉಳಿಯಬಲ್ಲದೆಂಬುದು ಹೀಗೆ ಹಾಲ್‌ಸ್ಟೆಡ್ ತನ್ನ ವರದಿಯನ್ನು ಬರೆಯುವ ಮೂವತ್ತು ವರ್ಷ ಮೊದಲೇ ಪುಸ್ತಕದಲ್ಲಿತ್ತು. ಆದರೂ ಸ್ತನಛೇದನವಾದ ಹೆಂಗಸು ಅದೇ ಉರಿಯನ್ನು ಹೇಳಿದರೆ ಅದು ಮನಸ್ಸಿನ ಕೊರಗು, ಸ್ತನ ಹೋದ ದುಃಖ ಎಂಬ ವಿವರಣೆಯೇ ಸುಲಭವಾಗಿ ಸಿಗುತ್ತಿತ್ತು. ಕಂಕುಳಿನ ಆ ನರವನ್ನು ನೋವಿನ ಮೂಲವೆಂದು ಹೆಸರು ಹಿಡಿದು ತೋರಿಸುವ ವೈದ್ಯಕೀಯ ಬರಹಗಳು ಬಂದದ್ದು 1970ರ ದಶಕದ ಕೊನೆಗೆ. ಪೋಸ್ಟ್ ಮಾಸ್ಟೆಕ್ಟಮಿ ಪೇನ್ ಸಿಂಡ್ರೋಮ್, ಅಂದರೆ ಸ್ತನಛೇದನೋತ್ತರ ನೋವಿನ ಲಕ್ಷಣಸಮೂಹ ಎಂಬ ಹೆಸರು ನೆಲೆಯೂರಿದ್ದು 1980ರ ದಶಕದಲ್ಲಿ. ಸೈನಿಕನ ನೋವಿಗೂ ಹೆಂಗಸಿನ ನೋವಿಗೂ ಹೆಸರು ಸಿಕ್ಕುವುದರ ನಡುವೆ ನೂರು ವರ್ಷಕ್ಕೂ ಹೆಚ್ಚು ಅಂತರವಿದೆ.

ಹೆಸರು ಬಂದ ಮೇಲೆ ಔಷಧಿಯ ಹುಡುಕಾಟವೂ ನಡೆಯಿತು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ಅಂಶದ ಮುಲಾಮನ್ನು ಈ ನೋವಿಗೆ ಹಚ್ಚಿ ನೋಡಿದ ಕೆನಡಾದ ವರದಿ 1989ರಲ್ಲಿ ಬಂತು. ಮೊದಲು ಉರಿಯುವ ಮುಲಾಮು ಕ್ರಮೇಣ ನರದ ತುದಿಗಳನ್ನೇ ದಣಿಸುತ್ತದೆಯೆಂಬುದು ಅದರ ತತ್ತ್ವ. ಖಿನ್ನತೆಗೆಂದು ಬಂದಿದ್ದ ಅಮಿಟ್ರಿಪ್ಟಿಲಿನ್, ಅಪಸ್ಮಾರಕ್ಕೆಂದು ಬಂದಿದ್ದ ಗ್ಯಾಬಪೆಂಟಿನ್ ಮುಂತಾದ ಗುಳಿಗೆಗಳೂ ನರನೋವಿಗೆ ಬಳಕೆಗೆ ಬಂದವು. ನೋವು ಎಷ್ಟು ವ್ಯಾಪಕವೆಂಬುದನ್ನು ಡೆನ್ಮಾರ್ಕಿನ ಸಮೀಕ್ಷೆಯೊಂದು 2009ರಲ್ಲಿ ತೋರಿಸಿತು. ಶಸ್ತ್ರಚಿಕಿತ್ಸೆಯಾಗಿ ಎರಡು ಮೂರು ವರ್ಷ ಕಳೆದಿದ್ದ 3,253 ಮಹಿಳೆಯರಲ್ಲಿ ನೂರಕ್ಕೆ 47 ಮಂದಿ ಇನ್ನೂ ನೋವಿದೆಯೆಂದರು, ಅವರಲ್ಲಿ ನೂರಕ್ಕೆ 13 ಮಂದಿಯ ನೋವು ತೀವ್ರವಾದದ್ದಾಗಿತ್ತು.

ಇಷ್ಟೆಲ್ಲ ಎಣಿಕೆಗೆ ಬರಲು ಮೊದಲು ಹೆಂಗಸರು ಮಾತಾಡಬೇಕಾಯಿತು. 1952ರಲ್ಲಿ ನ್ಯೂಯಾರ್ಕಿನಲ್ಲಿ ಸಮೂಲ ಸ್ತನಛೇದನಕ್ಕೆ ಒಳಗಾದ ಟೆರೀಸ್ ಲ್ಯಾಸರ್, ಮುಂದೆ ಹೇಗೆ ಬಟ್ಟೆ ತೊಡಬೇಕು, ತೋಳನ್ನು ಹೇಗೆ ಎತ್ತಬೇಕು ಎಂದು ಹೇಳುವವರು ಯಾರೂ ಇಲ್ಲದ್ದನ್ನು ಕಂಡು, ಹೊಸ ರೋಗಿಗಳನ್ನು ಹಳೆಯ ರೋಗಿಗಳು ಭೇಟಿಯಾಗುವ ‘ರೀಚ್ ಟು ರಿಕವರಿ’ ಎಂಬ ಕಾರ್ಯಕ್ರಮ ಆರಂಭಿಸಿದಳು. ಕವಯಿತ್ರಿ ಆಡ್ರಿ ಲಾರ್ಡ್ ತನ್ನ 1980ರ ಪುಸ್ತಕ ‘ದ ಕ್ಯಾನ್ಸರ್ ಜರ್ನಲ್ಸ್’ನಲ್ಲಿ, ಕೃತಕ ಸ್ತನ ತೊಟ್ಟು ಎಲ್ಲವೂ ಮೊದಲಿನಂತೆಯೇ ಇದೆಯೆಂದು ನಟಿಸುವ ಒತ್ತಾಯವನ್ನೇ ಪ್ರಶ್ನಿಸಿದಳು. ಪತ್ರಕರ್ತೆ ರೋಸ್ ಕುಶ್ನರ್ ಇಷ್ಟು ಕೊಯ್ಯುವುದು ಬೇಕೇ ಎಂದು ಶಸ್ತ್ರವೈದ್ಯರನ್ನು ಬಹಿರಂಗವಾಗಿ ಕೇಳಿದಳು. ಉತ್ತರ ಪ್ರಯೋಗಗಳಿಂದ ಬಂತು. ಅಮೆರಿಕದ ಬರ್ನಾರ್ಡ್ ಫಿಶರ್ 1971ರಿಂದಲೂ, ಇಟಲಿಯ ಉಂಬರ್ಟೊ ವೆರೊನೇಸಿ 1973ರಿಂದಲೂ ನಡೆಸಿದ ಹೋಲಿಕೆಗಳಲ್ಲಿ, ಕಡಿಮೆ ಕೊಯ್ಸಿಕೊಂಡವರೂ ಹೆಚ್ಚು ಕೊಯ್ಸಿಕೊಂಡವರಷ್ಟೇ ಕಾಲ ಬದುಕಿದ್ದು ಸ್ಪಷ್ಟವಾಯಿತು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಮಾಲೋಚನೆ ಹಾಲ್‌ಸ್ಟೆಡ್ ಕ್ರಮವನ್ನು ಬದಿಗಿರಿಸಿತು. 1990ರ ದಶಕದಲ್ಲಿ ನೀಲಿ ಬಣ್ಣವನ್ನೋ ವಿಕಿರಣಶೀಲ ದ್ರವವನ್ನೋ ಸ್ತನಕ್ಕೆ ಚುಚ್ಚಿ, ಅದು ಮೊದಲು ತಲುಪುವ ಕಾವಲು ಗ್ರಂಥಿಯನ್ನು ಮಾತ್ರ ತೆಗೆದು ಪರೀಕ್ಷಿಸುವ ಸೆಂಟಿನೆಲ್ ವಿಧಾನ ಬಂತು. ತೋಳಿನ ಪಾಲಿಗೆ ಇದು ದೊಡ್ಡ ತಿರುವು; ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ಲೆಕ್ಕದಂತೆ, ಕಂಕುಳನ್ನು ಬರಿದು ಮಾಡಿದವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಬಾವು ಬಂದರೆ ಕಾವಲು ಗ್ರಂಥಿಯನ್ನು ಮಾತ್ರ ತೆಗೆದವರಲ್ಲಿ ಬಂದದ್ದು ಸುಮಾರು 6 ಮಂದಿಗೆ.

ಬಾವಿರುವವರಿಗೆ ಈ ನಡುವೆ ಕೊಡುತ್ತಿದ್ದ ಉಪದೇಶ ಒಂದೇ: ಆ ಕೈಯಲ್ಲಿ ಭಾರ ಎತ್ತಬೇಡಿ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಬೇಡಿ. ಕೆನಡಾದ ವ್ಯಾಂಕೂವರಿನ ಕ್ರೀಡಾವೈದ್ಯ ಡಾನ್ ಮೆಕೆಂಜಿ ಇದನ್ನು ಪರೀಕ್ಷೆಗೆ ಒಡ್ಡಿದನು. 1996ರಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಯಾದ 24 ಹೆಂಗಸರಿಗೆ ತರಬೇತಿ ಕೊಟ್ಟು, ಚೀನೀಯರ ಡ್ರ್ಯಾಗನ್ ದೋಣಿಯ ಸ್ಪರ್ಧೆಗೆ ಇಳಿಸಿದನು. ಈ ದೋಣಿ ಉದ್ದವಾಗಿ ಕಿರಿದಾಗಿರುತ್ತದೆ. ಇಬ್ಬಿಬ್ಬರಂತೆ ಸಾಲಾಗಿ ಕುಳಿತ ಇಪ್ಪತ್ತು ಮಂದಿ, ಮುಂದೆ ಕುಳಿತವರ ಡೋಲಿನ ಏಟಿಗೆ ಸರಿಯಾಗಿ, ತೋಳನ್ನು ತಲೆಯ ಮಟ್ಟಕ್ಕೆ ಎತ್ತಿ ಮುಂದೆ ಚಾಚಿ ಹುಟ್ಟನ್ನು ನೀರಿಗಿಳಿಸಿ ಹಿಂದಕ್ಕೆ ಸೆಳೆಯುತ್ತಾರೆ, ಒಂದು ನಿಮಿಷಕ್ಕೆ ಹಲವು ಹತ್ತು ಬಾರಿ. ಭಾರ, ಪುನರಾವರ್ತನೆ, ಎತ್ತುವಿಕೆ ಹೀಗೆ ವೈದ್ಯರು ಬೇಡವೆಂದ ಪ್ರತಿಯೊಂದೂ ಆ ಒಂದು ಚಲನೆಯಲ್ಲಿತ್ತು. ಆ ತಂಡದಲ್ಲಿ ಯಾರಿಗೂ ಹೊಸದಾಗಿ ಬಾವು ಬರಲಿಲ್ಲವೆಂದೂ, ಇದ್ದವರಲ್ಲಿ ಉಲ್ಬಣಿಸಲಿಲ್ಲವೆಂದೂ ಅವನು 1998ರಲ್ಲಿ ಬರೆದನು. 24 ಮಂದಿಯ ಗುಂಪು ಚಿಕ್ಕದು, ಅದರಿಂದಲೇ ಎಲ್ಲವೂ ಸಿದ್ಧವಾಗುವುದಿಲ್ಲ. ಆದರೆ 2009ರಲ್ಲಿ ಕ್ಯಾಥ್ರಿನ್ ಶ್ಮಿಟ್ಸ್ ಮತ್ತು ಸಂಗಡಿಗರು, ಬಾವಿರುವ 141 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಕ್ರಮವಾಗಿ ಭಾರ ಎತ್ತುವುದನ್ನು ಕಲಿಸಿ, ಬಾವು ಹೆಚ್ಚಲಿಲ್ಲವೆಂದೂ ಉಲ್ಬಣಿಸುವ ಸಂದರ್ಭಗಳು ಕಡಿಮೆಯಾದವೆಂದೂ ತೋರಿಸಿದರು. ಆ ಕೈಗೆ ರಕ್ತದೊತ್ತಡದ ಪಟ್ಟಿ ಬಿಗಿಯಬಾರದು, ಸೂಜಿ ಚುಚ್ಚಬಾರದು ಎಂಬ ನಿಷೇಧಗಳ ಹಿಂದೆಯೂ ಗಟ್ಟಿಯಾದ ಆಧಾರ ಕಾಣಲಿಲ್ಲವೆಂದು 2016ರ ಅಮೆರಿಕದ ಅಧ್ಯಯನ ಹೇಳಿತು. ಜೀವನಪೂರ್ತಿ ಆ ತೋಳನ್ನು ಗಾಜಿನಂತೆ ಕಾಪಾಡಿಕೊಂಡು ಬಂದವರ ಭಯವನ್ನು ಯಾವ ಅಧ್ಯಯನವೂ ಒಂದೇ ದಿನದಲ್ಲಿ ತೆಗೆಯಲಾರದು.

ಭಾರತದಲ್ಲಿ ಬಹಳಷ್ಟು ಹೆಂಗಸರು ರೋಗ ಮುಂದುವರಿದ ಮೇಲೆ ಆಸ್ಪತ್ರೆಗೆ ಬರುವುದರಿಂದ ಕಂಕುಳನ್ನು ಪೂರ್ತಿ ಬರಿದು ಮಾಡುವ ಶಸ್ತ್ರಚಿಕಿತ್ಸೆ ಇನ್ನೂ ಸಾಮಾನ್ಯ. ಬಿಗಿಯಾದ ಕಂಪ್ರೆಷನ್ ಸ್ಲೀವ್ ತೊಟ್ಟು ನಮ್ಮ ಬೇಸಿಗೆಯಲ್ಲಿ ಅಡುಗೆಮನೆಯ ಒಲೆಯ ಮುಂದೆ ನಿಲ್ಲುವುದು, ಅದನ್ನೇ ಒಗೆದು ಒಣಗಿಸಿ ಮತ್ತೆ ತೊಡುವುದು, ಸಡಿಲಾದಾಗ ಹೊಸದನ್ನು ಕೊಳ್ಳುವುದು ಯಾವುದೂ ಸಣ್ಣ ಮಾತಲ್ಲ. ಈ ನೆಲದ ಆನೆಕಾಲಿನ ಅನುಭವ ನೆರವಿಗೆ ಬಂದದ್ದು ಇಲ್ಲಿಯೇ. ಕನ್ನಡ ಮಾತೃಭಾಷೆಯ ಜನ ಗಣನೀಯವಾಗಿರುವ ಕಾಸರಗೋಡಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ, ಊದಿದ ಅಂಗವನ್ನು ಸಾಬೂನಿನಿಂದ ತೊಳೆದು ಒರೆಸಿ, ಫಾಂಟವೆಂಬ ಆಯುರ್ವೇದದ ಮೂಲಿಕೆ ದ್ರವದಲ್ಲಿ ನೆನೆಸಿ, ಉಸಿರಾಟದ ಮೇಲೆ ಗಮನವಿಟ್ಟು ಯೋಗಾಸನಗಳನ್ನು ಮಾಡಿಸಿ, ನೀವಿ, ಕೊನೆಗೆ ಪಟ್ಟಿ ಸುತ್ತುವ ಕ್ರಮವನ್ನು ರೂಪಿಸಿತು. ಮುಖ್ಯವಾಗಿ ಆನೆಕಾಲಿಗೆಂದು ಬೆಳೆದ ಈ ಕ್ರಮವನ್ನು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲೂ ಕಲಿಸಲಾಯಿತು. ದುಬಾರಿ ಉಪಕರಣಕ್ಕಿಂತ ಮನೆಯವರ ಕೈಗಳನ್ನೇ ನಂಬುವ ಈ ದಾರಿ, ಸ್ತನ ಕ್ಯಾನ್ಸರಿನಿಂದ ಬಾವು ಬಂದವರ ಚಿಕಿತ್ಸೆಗೂ ದಾರಿದೀಪವಾಗಬಲ್ಲದು.

ಶಸ್ತ್ರಚಿಕಿತ್ಸೆಗೆ ಮೊದಲೇ ಎರಡೂ ತೋಳುಗಳನ್ನು ಅಳೆದಿಡುವ ಪದ್ಧತಿ ಈಚಿನದು. ದರ್ಜಿಗಳ ಟೇಪಿನಂಥದೇ ಟೇಪನ್ನು ಮಣಿಕಟ್ಟಿನಿಂದ ಆರಂಭಿಸಿ ಇಂತಿಷ್ಟು ಅಂತರಕ್ಕೊಮ್ಮೆ ಮೊಣಕೈ ದಾಟಿ ಕಂಕುಳಿನವರೆಗೆ ಸುತ್ತಿ, ಪ್ರತಿ ಅಳತೆಯನ್ನೂ ನರ್ಸ್ ಚೀಟಿಯಲ್ಲಿ ಬರೆಯುತ್ತಾಳೆ; ಮುಂದೆ ಎಂದಾದರೂ ಒಂದು ಜಾಗದಲ್ಲಿ ಎರಡು ತೋಳುಗಳ ನಡುವಿನ ವ್ಯತ್ಯಾಸ ಮೊದಲಿಗಿಂತ ಎರಡು ಸೆಂಟಿಮೀಟರ್ ಬೆಳೆದರೆ ಅದನ್ನು ಬಾವಿನ ಸೂಚನೆಯೆಂದು ಎಣಿಸಿ, ಕಣ್ಣಿಗೆ ಕಾಣುವಷ್ಟು ಬೆಳೆಯುವ ಮುನ್ನವೇ ಸ್ಲೀವ್ ಕೊಟ್ಟು ಚಿಕಿತ್ಸೆ ತೊಡಗಲಾಗುತ್ತದೆ. ಐವತ್ತೈದು ವರ್ಷದ ಹೆಂಗಸಿನ ತೋಳಿನ ಸುತ್ತಳತೆ ಗಡ್ಡೆಯ ಅಳತೆಯ ಜೊತೆಗೆ ಅದೇ ಕಡತದಲ್ಲಿ ಈಗ ಬರೆಯಲ್ಪಡುತ್ತಿದೆ.